ಎರಡು ದಿನ ಮೊದಲೇ ಬಂದ ಹನ್ನೆರಡು ಸೂಲಗಿತ್ತಿಯರು

ಹೊಸನಗರ

ವಿಯೆಟ್ನಾಮಿಗೆ ಹೋಗಿ ಬಂದ ಮೇಲೆ ನಮ್ಮ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿ ಕೇಳದವರಿಲ್ಲ. "ಟೀಚರ್, ಅಲ್ಲಿ ಹಾವು ತಿಂತಾರಂತೆ ಹೌದಾ?" ಎನ್ನುವುದು ಮೊದಲ ಪ್ರಶ್ನೆ. "ಮತ್ತೆ ನಿಮ್ಮನ್ನ ಹೆಂಗೆ ಬಿಟ್ರು?" ಎನ್ನುವುದು ಎರಡನೆಯದು. ಮೂವತ್ತು ವರ್ಷ ಅಂಗನವಾಡಿ ನಡೆಸಿದವಳನ್ನು ಊರು ಸಲಿಗೆಯಿಂದಲೇ ಮಾತಾಡಿಸುತ್ತದೆ. ಹಾಗೆ ಕೇಳುವವರಲ್ಲಿ ಅರ್ಧ ಜನರ ಮೂಗು ಒರೆಸಿದವಳು ನಾನೇ. ಅವರಿಗೆ ನಗು ಬರುವಂಥದ್ದು ಒಂದೆರಡು ಹೇಳಿ ಕಳಿಸುತ್ತೇನೆ. ಪೂರ್ತಿ ಕಥೆ ಮಾತ್ರ ಬಾಯಲ್ಲಿ ಹೇಳಲು ಆಗಿಲ್ಲ. ಬರೆದರೆ ಆದೀತೇನೋ ಅಂತ ಕೂತಿದ್ದೇನೆ.

ನಾನು ಹೋದದ್ದು ಒಂದು ಮಗುವಿನ ತಿಂಗಳ ಶಾಸ್ತ್ರಕ್ಕೆ. ನನ್ನ ಅಕ್ಕ ಸುಶೀಲಳ ಮಗ ಪ್ರದೀಪ ತೀರ್ಥಹಳ್ಳಿಯ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. ಯೋಗ ಕಲಿಸುವ ಕೆಲಸ ಸಿಕ್ಕಿತೆಂದು ವಿಯೆಟ್ನಾಮಿಗೆ ಹೋದ. ಅಲ್ಲಿ ಕ್ಲಾಸಿಗೆ ಬರುತ್ತಿದ್ದ ಲಾನ್ ಎಂಬ ಹುಡುಗಿಯನ್ನು ಮದುವೆಯಾದ. ಆಮೇಲೆ ನಿಧಾನಕ್ಕೆ ಮನೆಯಲ್ಲಿ ಹೇಳೋಣ ಅಂದುಕೊಂಡಿದ್ದನಂತೆ. ಅಷ್ಟರೊಳಗೆ ಫೋಟೋ ಅವನ ಗೆಳೆಯರ ಮೊಬೈಲಿನಲ್ಲೆಲ್ಲ ಓಡಾಡಿತು. ಅಕ್ಕ ಸಕ್ಕರೆ ತರಲು ಹೋದಾಗ ಅಂಗಡಿಯವನು "ಸೊಸೆ ಭಾರಿ ಲಕ್ಷಣವಾಗಿದಾಳಲ್ಲ ಸುಶೀಲಮ್ಮ" ಎಂದು ತೋರಿಸಿಯೇಬಿಟ್ಟ. ಸಕ್ಕರೆಯನ್ನು ಅಲ್ಲೇ ಬಿಟ್ಟು ಬಂದವಳು ಎರಡು ವರ್ಷ ಮಗನ ಹತ್ತಿರ ಮಾತಾಡಲಿಲ್ಲ. ಹುಡುಗಿ ಯಾವ ದೇಶದವಳು ಎಂಬುದರ ಬಗ್ಗೆ ಅವಳದ್ದೇನೂ ತಕರಾರಿರಲಿಲ್ಲ. "ಊರಿಗೆಲ್ಲ ಗೊತ್ತಾದ್ಮೇಲೆ ನಂಗೆ ಗೊತ್ತಾಯ್ತಲ್ಲೇ" ಎನ್ನುವುದೊಂದೇ ಅವಳ ಸಂಕಟ.

ಮಗು ಹುಟ್ಟಿದ ಸುದ್ದಿಯನ್ನು ಪ್ರದೀಪ ನನಗೆ ಫೋನ್ ಮಾಡಿ ಹೇಳಿದ. ಹೆಣ್ಣು ಮಗು. ತಿಂಗಳು ತುಂಬಿದಾಗ ಅಲ್ಲಿ ದೊಡ್ಡ ಶಾಸ್ತ್ರ ಮಾಡುತ್ತಾರಂತೆ. ಹೊಟ್ಟೆಯಲ್ಲಿರುವ ಮಗುವಿಗೆ ಕಣ್ಣು, ಮೂಗು, ಬೆರಳು ಎಲ್ಲ ತಿದ್ದಿ ತೀಡುವ ಹನ್ನೆರಡು ಸೂಲಗಿತ್ತಿ ದೇವತೆಯರು ಇದ್ದಾರೆಂದು ಅವರ ನಂಬಿಕೆ. ಆ ಹನ್ನೆರಡು ಮಂದಿಗೂ ಅಂದು ಎಡೆ ಇಟ್ಟು, ಆಮೇಲೆ ಮನೆಯ ಹಿರಿಯಳೊಬ್ಬಳು ಮಗುವಿನ ಬಾಯಿಯ ಮೇಲೆ ಹೂವಿನ ಗೊಂಚಲು ಆಡಿಸಿ, ಈ ಬಾಯಿಂದ ಒಳ್ಳೆಯದೇ ಬರಲಿ ಎಂದು ಹರಸಬೇಕು. ಅದಕ್ಕೆ ಬಾಯಿ ತೆರೆಸುವುದು ಅನ್ನುತ್ತಾರೆ.

"ಆ ಮಾತನ್ನ ಅಮ್ಮ ಹೇಳ್ಬೇಕು ಚಿಕ್ಕಮ್ಮ. ಇಲ್ಲಿವರೆಗೆ ಬರೋದು ಬೇಡ. ವಿಡಿಯೋ ಕಾಲಲ್ಲಿ ಕನ್ನಡದಲ್ಲೇ ಹೇಳ್ಲಿ, ಹೂ ನಾನು ಹಿಡೀತೀನಿ. ನೀನೊಂದು ಕೇಳಿ ನೋಡು" ಎಂದ.

ಎಂಟು ದಿನ ಅಕ್ಕನ ಮನೆಗೆ ತಿರುಗಿದೆ. ಒಂಬತ್ತನೆಯ ದಿನ, ನಾನು ಏನೂ ಕೇಳುವ ಮೊದಲೇ, ಪಾತ್ರೆ ತೊಳೆಯುತ್ತ ಹೇಳಿದಳು: "ಹೇಳ್ತೀನಿ ಅಂತ ಹೇಳು ಅವ್ನಿಗೆ. ಆ ಮಗು ಎಂತ ತಪ್ಪು ಮಾಡಿದೆ. ಅದಕ್ಕೆ ಮೊದ್ಲು ವರದಹಳ್ಳಿ ಆಶ್ರಮಕ್ಕೆ ಹೋಗಿ ಎರಡು ದಿನ ಇದ್ದು ಬರ್ತೀನಿ. ಇಷ್ಟು ಸಿಟ್ಟು ಇಟ್ಕಂಡು ಮಗಿಗೆ ಹರಸಬಾರ್ದು. ಯಾವತ್ತು ಅದು?"

ಇಲ್ಲಿ ನನ್ನ ದೊಡ್ಡಸ್ತಿಕೆ ಎದ್ದು ನಿಂತಿತು. ನನ್ನ ಅಜ್ಜ ಬೆರಳ ಗೆಣ್ಣಿನ ಮೇಲೆ ತಿಥಿ ಎಣಿಸುತ್ತಿದ್ದರು. ಅವರ ಪಕ್ಕ ಕೂತು ಕಲಿತವಳು ನಾನು. ನಾಮಕರಣಕ್ಕೆ, ಗದ್ದೆ ನೆಟ್ಟಿಗೆ, ಯಾವುದಕ್ಕೂ ಕೇರಿಯವರು ನನ್ನನ್ನೇ ಕೇಳುತ್ತಾರೆ. ಪ್ರದೀಪನಿಗೆ ಫೋನ್ ಹಚ್ಚಿ "ಅವರದ್ದೂ ಚಾಂದ್ರಮಾನವನಾ?" ಎಂದೆ.

"ಹೌದು ಚಿಕ್ಕಮ್ಮ, ಆದ್ರೆ ಇಲ್ಲಿ..."

"ಆದ್ರೆ ಗೀದ್ರೆ ಬೇಡ. ನಂಗೆ ಪಂಚಾಂಗ ಹೇಳಿಕೊಡೋಕೆ ಬರ್ಬೇಡ ನೀನು."

ಮಗು ಹುಟ್ಟಿದ ತಿಥಿಯಿಂದ ಒಂದು ತಿಂಗಳು ಎಣಿಸಿದೆ. ಗುರುವಾರ ಬಂತು. ಅಕ್ಕನ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಸುತ್ತು ಹಾಕಿದೆ. ಬುಧವಾರ ಆಶ್ರಮದಿಂದ ವಾಪಸು ಬರುವುದೆಂದು ಅಕ್ಕ ತೀರ್ಮಾನಿಸಿಕೊಂಡಳು. ನಾನು ನಾಲ್ಕು ದಿನ ಮುಂಚೆ, ಭಾನುವಾರಕ್ಕೇ ಮುಟ್ಟುವ ಹಾಗೆ ಹೊರಟೆ.

ಹೋ ಚಿ ಮಿನ್ ನಗರದಿಂದ ಕಾನ್ ಥೋ ದಾರಿ

ವಿಮಾನ ನಿಲ್ದಾಣಕ್ಕೆ ಪ್ರದೀಪ ಬಂದಿದ್ದ. ಕಾಲು ಮುಟ್ಟಿ ನಮಸ್ಕಾರ ಮಾಡಿ, ಎದ್ದವನು "ಅಮ್ಮ ಹೇಳ್ತೀನಿ ಅಂದಿದ್ದು ನಿಜನಾ ಚಿಕ್ಕಮ್ಮ?" ಎಂದು ಕೇಳಿದ. ನಿಜ ಎಂದೆ. ಇನ್ನೊಂದು ಸಲ ಕೇಳಿದ. ಇನ್ನೊಂದು ಸಲ ಹೇಳಿದೆ.

ಕಾನ್ ಥೋ ದಕ್ಷಿಣಕ್ಕೆ, ಮೆಕಾಂಗ್ ನದಿ ಕವಲು ಕವಲಾಗಿ ಸಮುದ್ರ ಸೇರುವ ಕಡೆ ಇದೆ. ಬಸ್ಸು ಹತ್ತುವಾಗ ಬಾಗಿಲಲ್ಲೇ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟರು. ಪ್ರಸಾದವೋ ವಾಂತಿಗೋ ಎಂದು ನಾನು ಯೋಚಿಸುತ್ತಿದ್ದರೆ ಹಿಂದಿನಿಂದ ಒಬ್ಬಾಕೆ ನನ್ನ ಚಪ್ಪಲಿಯತ್ತ ಬೆರಳು ತೋರಿಸಿದಳು. ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಬರಿಗಾಲಲ್ಲಿ ಒಳಗೆ ಹೋಗಬೇಕು. ನಮ್ಮ ಸಾಗರದ ಬಸ್ಸಿನ ಒಳಗಿನ ಕೆಸರು ನೆನಪಾಯಿತು.

ಮಧ್ಯದಲ್ಲಿ ಕಾಫಿಗೆ ನಿಲ್ಲಿಸಿದರು. ಆ ಹೋಟೆಲಿನಲ್ಲಿ ಬೆಂಚುಗಳಿಲ್ಲ, ಸಾಲಾಗಿ ಬಲೆಯ ಜೋಲಿಗಳು. ಡ್ರೈವರುಗಳು, ಅಜ್ಜಿಯಂದಿರು ಎಲ್ಲರೂ ಜೋಲಿಯಲ್ಲಿ ಮಲಗಿ ಐಸ್ ಹಾಕಿದ ಕಾಫಿ ಹೀರುತ್ತಾರೆ. ನಾನೂ ಧೈರ್ಯ ಮಾಡಿ ಮಲಗಿದೆ. ಸುಖವೇ ಸುಖ. ಏಳುವಾಗ ಮಾತ್ರ ಸೀರೆ ಒಂದು ಕಡೆ, ಕಾಲು ಒಂದು ಕಡೆ. ಪ್ರದೀಪ ಎಳೆದ, ಹೋಟೆಲಿನ ಹೆಂಗಸು ತಳ್ಳಿದಳು, ಪಕ್ಕದ ಜೋಲಿಯ ಅಜ್ಜ ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕ. ಬಸ್ ಸ್ಟ್ಯಾಂಡಿನಲ್ಲಿ ನಾನು ಎಲ್ಲರಿಗೂ ಹೇಳುವುದು ಇದನ್ನೇ. ಇಲ್ಲಿಗೇ ನಿಲ್ಲಿಸುತ್ತೇನೆ.

ಕಾನ್ ಥೋ, ಭಾನುವಾರ

ಲಾನ್‌ಳ ತವರುಮನೆ ಕಾಲುವೆಯ ದಡದಲ್ಲಿತ್ತು. ಎದುರಿಗೆ ರಸ್ತೆ, ಹಿತ್ತಲ ಬಾಗಿಲು ತೆರೆದರೆ ನೀರು. ಹಿತ್ತಲಿಗೆ ದೋಣಿಯಲ್ಲಿ ಸೊಪ್ಪಿನವಳು ಬರುತ್ತಾಳೆ. ಲಾನ್‌ಳ ತಾಯಿಯನ್ನು ಊರಲ್ಲೆಲ್ಲ ಬಾ ನಾಮ್ ಎಂದು ಕರೆಯುತ್ತಾರೆ. ಹಾಗೆಂದರೆ ಐದನೆಯ ಅಜ್ಜಿ.

"ಅಂದ್ರೆ ಐದನೇ ಮಗಳಾ ಇವ್ರು?" ಎಂದೆ.

"ನಾಲ್ಕನೆಯವ್ರು" ಎಂದ ಪ್ರದೀಪ. "ಇಲ್ಲಿ ಮೊದಲ ಮಗುಗೇ ಎರಡು ಅಂತಾರೆ ಚಿಕ್ಕಮ್ಮ. ಒಂದು ಅಂತ ಯಾರನ್ನೂ ಕರೆಯೋದಿಲ್ಲ."

ಹುಟ್ಟಿದ ದಿನವೇ ಮಗುವಿಗೆ ಒಂದು ವರ್ಷ ಎಂದೂ ಎಣಿಸುತ್ತಾರಂತೆ. ಹೊಟ್ಟೆಯಲ್ಲಿದ್ದದ್ದು ಲೆಕ್ಕಕ್ಕೆ ಬರಬೇಡವೇ ಎಂಬ ನ್ಯಾಯ. ನಾನು ನಕ್ಕೆ. ಎಣಿಕೆಯನ್ನು ಇಷ್ಟು ತಮ್ಮದೇ ದಾರಿಯಲ್ಲಿ ನಡೆಸುವ ಜನ ತಿಂಗಳನ್ನು ಮಾತ್ರ ನನ್ನ ಹಾಗೆ ಎಣಿಸುತ್ತಾರೆಯೇ ಎಂದು ಆಗಲೂ ನನಗೆ ಹೊಳೆಯಲಿಲ್ಲ.

ಲಾನ್ ಒಳಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿ, ಕಾಲಿಗೆ ಸಾಕ್ಸ್ ಹಾಕಿ, ಕಿವಿಗೆ ಹತ್ತಿ ಇಟ್ಟು ಕೂತಿದ್ದಳು. ಎಲ್ಲಿಯ ಕಾನ್ ಥೋ, ಎಲ್ಲಿಯ ಹೊಸನಗರ! ನಮ್ಮ ಬಾಣಂತಿಯರನ್ನೇ ಎತ್ತಿ ತಂದು ಕೂರಿಸಿದ ಹಾಗಿತ್ತು. ಅವಳಿಗೂ ಗಾಳಿ ತಾಗಬಾರದು, ತಣ್ಣೀರು ಮುಟ್ಟಬಾರದು, ಊಟಕ್ಕೆ ಕಾಳುಮೆಣಸಿನ ಖಾರ. ನನ್ನನ್ನು ಕಂಡು ಎರಡು ಕೈ ಮುಗಿದು, ಪ್ರದೀಪ ಕಲಿಸಿದ್ದಿರಬೇಕು, "ಬನ್ನಿ ಚಿಕ್ಕಮ್ಮ" ಎಂದಳು.

ಮಗುವನ್ನು ಕೈಗೆ ಕೊಟ್ಟರು. ಮೂವತ್ತು ವರ್ಷ ತೂಕದ ಜೋಲಿಗೆ ಮಕ್ಕಳನ್ನು ಹಾಕಿದ ಕೈ ಇದು, ಸುಮ್ಮನಿದ್ದೀತೇ? "ನಾಲ್ಕೂವರೆ ಕೆಜಿ! ಏನು ಗಟ್ಟಿ ಇದೆಯೋ ಮಗು, ಎಷ್ಟು ಚೆಂದ!" ಎಂದು ಕೈಯಲ್ಲೇ ತೂಗಿ ತೋರಿಸಿದೆ. ಮಾತು ತಿಳಿಯದಿದ್ದರೂ ಸನ್ನೆ ತಿಳಿಯಿತು. ಬಾ ನಾಮ್ ಮುಖ ಸಣ್ಣದಾಯಿತು.

"ಭಾರ ಅನ್ಬಾರ್ದು, ಚೆಂದ ಅಂತ್ಲೂ ಅನ್ಬಾರ್ದು" ಪ್ರದೀಪ ಕಿವಿಯಲ್ಲಿ ಹೇಳಿದ. "ದೃಷ್ಟಿ ಆಗತ್ತೆ ಅಂತಾರೆ. ಬೈದು ಬಿಡು."

"ಅಯ್ಯೋ, ಎಂಥಾ ಮಂಗನ ಮೂತಿ ಮಾರಾಯ್ತಿ ನಿಂದು! ಯಾವ ಮರದಿಂದ ಇಳಿದ್ಯೇ?" ಎಂದೆ ಮೂಗು ಮುರಿದು. ಅವನು ಅದನ್ನು ಅವರ ಭಾಷೆಗೆ ತಿರುಗಿಸಿದ. ಮನೆಯೆಲ್ಲ ನಕ್ಕಿತು. ಮಗುವಿನ ಮನೆಯ ಹೆಸರು ಮಿಟ್, ಅಂದರೆ ಹಲಸಿನ ಹಣ್ಣು. ಒಳ್ಳೆಯ ಹೆಸರಿಟ್ಟರೆ ಕೆಟ್ಟದ್ದರ ಕಣ್ಣು ಬೀಳುತ್ತದೆಂದು ಹೀಗೆ. ನಮ್ಮಲ್ಲೂ ಉಳಿಯಲಿ ಎಂದು ತಿಪ್ಪ, ಕಲ್ಲ ಎಂದು ಹೆಸರಿಡುತ್ತಿರಲಿಲ್ಲವೇ?

ಸಂಜೆ ಚಹಾ ಕುಡಿಯುವಾಗ ಪ್ರದೀಪ ಹೇಳಿದ: "ಅಮ್ಮಂಗೆ ನಾಡಿದ್ದು ಬೆಳಿಗ್ಗೆ ಆರೂವರೆಗೆ ರೆಡಿ ಇರೋಕೆ ಹೇಳು ಚಿಕ್ಕಮ್ಮ. ಇಲ್ಲಿ ಎಂಟು ಗಂಟೆ ಆಗಿರತ್ತೆ."

"ನಾಡಿದ್ದಾ? ಗುರುವಾರ ಅಲ್ವಾ?"

"ಮಂಗಳವಾರ. ಗಂಡಾದ್ರೆ ಒಂದು ದಿನ, ಹೆಣ್ಣಾದ್ರೆ ಎರಡು ದಿನ ಹಿಂದೆ ಹಾಕ್ತಾರೆ ಇಲ್ಲಿ. ಅವತ್ತು ಫೋನಲ್ಲಿ ಹೇಳೋಕೆ ಹೊರಟೆ. ನೀನು ಬಿಡ್ಲಿಲ್ಲ. ಅಮ್ಮಂಗೆ ಮಂಗಳವಾರ ಅಂತಾನೇ ಹೇಳಿದೀಯ ತಾನೆ?"

"ಹೂಂ, ಹೂಂ" ಎಂದೆ.

ಈ ಎರಡು ಹೂಂಗಳನ್ನು ಈಗ ಎಲ್ಲಿಗೆ ಹೋಗಿ ವಾಪಸು ತರಲಿ? ಅಕ್ಕ ವರದಹಳ್ಳಿಗೆ ಹೊರಡುವುದು ಮರುದಿನ. ಆಗಲೇ ಫೋನ್ ಮಾಡಿದ್ದರೆ ಮುಗಿಯುತ್ತಿತ್ತು. ಫೋನ್ ಕೈಯಲ್ಲೇ ಇತ್ತು. ಆದರೆ ಅಕ್ಕನ ಮಾತು ಕಿವಿಯಲ್ಲಿ ಕೇಳಿಸಿತು: "ಅಜ್ಜನ ಮೊಮ್ಮಗಳಂತೆ, ಪಂಚಾಂಗವಂತೆ!" ಅರವತ್ತು ದಾಟಿದ ಮೇಲೂ ಅಕ್ಕನ ಎದುರು ತಪ್ಪೊಪ್ಪುವುದು ಕಷ್ಟ. ಬೆಳಿಗ್ಗೆ ಮಾಡಿದರಾಯಿತು ಎಂದು ಫೋನನ್ನು ಚೀಲಕ್ಕೆ ಹಾಕಿದೆ.

ಕಾನ್ ಥೋ, ಸೋಮವಾರ

ಬೆಳಿಗ್ಗೆ ಎದ್ದರೆ ಮನೆ ತುಂಬ ಹೆಂಗಸರು. ಹೆಣ್ಣು ಮಗುವಿಗೆ ಅಕ್ಕಿಹಿಟ್ಟಿನ ಉಂಡೆಯ ಪಾಯಸವೇ ಆಗಬೇಕಂತೆ. ಹೆಸರುಬೇಳೆಯ ಹೂರಣವನ್ನು ಅಕ್ಕಿಹಿಟ್ಟಿನ ಕಣಕದಲ್ಲಿ ತುಂಬಿ, ಉಂಡೆ ಕಟ್ಟಿ, ಶುಂಠಿ ಹಾಕಿದ ಬೆಲ್ಲದ ಪಾಕದಲ್ಲಿ ಬಿಡುತ್ತಾರೆ. ಕಡುಬು ಮಾಡಿದ ಕೈಗೆ ಇದೇನು ಮಹಾ? ನಾನೂ ಕೂತೆ. ನನ್ನ ಉಂಡೆ ದುಂಡಗಿರುವುದನ್ನು ನೋಡಿ ಬಾ ನಾಮ್ ಹೆಬ್ಬೆರಳು ಎತ್ತಿದರು. ಒಬ್ಬಳು ನನ್ನ ಬಳೆ ಮುಟ್ಟಿ ನೋಡಿದಳು, ಇನ್ನೊಬ್ಬಳು ಕುಂಕುಮ ಕೇಳಿ ಹಣೆಗೆ ಇಡಿಸಿಕೊಂಡಳು. ಹೊಗಳಿಕೆ ಎಂಬುದು ಕೆಟ್ಟದ್ದು. ಕೂತಲ್ಲಿಂದ ಏಳಲು ಬಿಡುವುದಿಲ್ಲ. ಈ ಹಿಟ್ಟಿನ ಕೈಯಲ್ಲಿ ಫೋನ್ ಹೇಗೆ ಮುಟ್ಟಲಿ ಎಂದು ಮನಸ್ಸಿಗೊಂದು ನೆವ ಸಿಕ್ಕಿತು. ಆ ನೆವದಲ್ಲೇ ಸಂಜೆಯಾಯಿತು.

ಕೈ ತೊಳೆದು ಫೋನ್ ಮಾಡಿದರೆ ಎತ್ತಿದ್ದು ಭಾವ.

"ಅವಳು ಮಧ್ಯಾಹ್ನದ ಬಸ್ಸಿಗೇ ಹೋದ್ಲಲ್ಲ ಮಾರಾಯ್ತಿ. ಫೋನು ಇಲ್ಲೇ ಬಿಟ್ಟಿದಾಳೆ. ಆಶ್ರಮದಲ್ಲಿ ಫೋನ್ ಎಂತಕ್ಕೆ ಅಂದ್ಲು."

"ಭಾವ, ಅದು ಗುರುವಾರ ಅಲ್ಲ. ನಾಳೆ ಬೆಳಿಗ್ಗೆ."

"ಕ್ಯಾಲೆಂಡರಲ್ಲಿ ನೀನೇ ತಾನೆ ಸುತ್ತು ಹಾಕಿದ್ದು?"

"ನಾನೇ. ತಪ್ಪಾಯ್ತು."

"ಈಗ ಸಾಗರಕ್ಕೆ ಹೋದ್ರೂ ಅಲ್ಲಿಂದ ಮುಂದೆ ಬಸ್ಸಿಲ್ಲ. ನನ್ನ ಮಂಡಿ ಬೈಕ್ ಹತ್ತೋ ಹಂಗಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗ್ತೀನಿ. ಎಷ್ಟಾದ್ರೂ ಒಂಬತ್ತು ಆಗತ್ತೆ ನೋಡು."

ನಮ್ಮೂರಿನ ಒಂಬತ್ತು ಎಂದರೆ ಕಾನ್ ಥೋದಲ್ಲಿ ಹತ್ತೂವರೆ. ಹೇಗಾದರೂ ಕಾಯಿಸಿದರಾಯಿತು, ಶಾಸ್ತ್ರ ಓಡಿಹೋಗುತ್ತದೆಯೇ ಎಂದುಕೊಂಡೆ. ಪ್ರದೀಪನಿಗೆ ಏನೂ ಹೇಳಲಿಲ್ಲ.

ಕಾನ್ ಥೋ, ಮಂಗಳವಾರ

ಮೇಜಿನ ಮೇಲೆ ಹನ್ನೆರಡು ಸಣ್ಣ ಬಟ್ಟಲು ಪಾಯಸ, ಒಂದು ದೊಡ್ಡದು. ಹನ್ನೆರಡು ಸಣ್ಣ ತಟ್ಟೆ ಅಂಟಕ್ಕಿ ಅನ್ನ. ರೆಕ್ಕೆ ಮಡಚಿ ಕೂರಿಸಿದ ಬೇಯಿಸಿದ ಬಾತುಕೋಳಿ. ಹನ್ನೆರಡು ವೀಳ್ಯ, ಪಕ್ಕದಲ್ಲಿ ಹಸಿ ಅಡಿಕೆ. ಮನೆಯಲ್ಲಿ ನೋಡಿ ನೋಡಿ ಸಾಕಾದ ಅಡಿಕೆಯನ್ನು ಅಷ್ಟು ದೂರ ಹೋಗಿ ಕಂಡಾಗ ಕಣ್ಣು ಒದ್ದೆಯಾಯಿತು.

ಎಂಟಕ್ಕೆ ಪ್ರದೀಪ ಫೋನ್ ಹಚ್ಚಿದ. ರಿಂಗ್ ಆಗಿ ನಿಂತಿತು. ಮತ್ತೆ ಹಚ್ಚಿದ. ನನಗೆ ಗೊತ್ತು, ಆ ಫೋನು ಬಾಗಿಲು ಹಾಕಿದ ಮನೆಯೊಳಗೆ ಕೂಗಿಕೊಳ್ಳುತ್ತಿದೆ. ಭಾವನ ಫೋನಿಗೆ ಹಚ್ಚಿದರೆ ಸಿಗ್ನಲ್ ಇಲ್ಲ, ದಾರಿಯಲ್ಲಿದ್ದರು.

ಬಾ ನಾಮ್ ಊದುಬತ್ತಿಯನ್ನು ಕೈಯಲ್ಲಿ ಹಿಡಿದು ಕಾದರು. ಅವರ ತಂಗಿಯಂದಿರು ಗಡಿಯಾರ ನೋಡಿದರು. ಎಂಟೂವರೆ ಆಯಿತು. ಒಂಬತ್ತಾಯಿತು. ಮಗುವಿಗೆ ಹಸಿವಾಗಿ ರಂಪ ಶುರುವಾಯಿತು. ಬಾ ನಾಮ್ ಏನೋ ಕೇಳಿದರು. ಪ್ರದೀಪ ನನ್ನ ಕಡೆ ತಿರುಗಿದ.

"ಅಮ್ಮ ಎಲ್ಲಿದಾಳೆ ಚಿಕ್ಕಮ್ಮ?"

"ವರದಹಳ್ಳಿಗೆ ಹೋಗಿದಾಳಂತೆ."

"ಇವತ್ತಾ? ಇವತ್ತೇ ಹೋಗ್ಬೇಕಿತ್ತಾ?"

ಆಗ ಬಾಯಿ ಬಿಡಬೇಕಿತ್ತು. ಅವಳಿಗೆ ದಿನ ತಪ್ಪು ಹೇಳಿದವಳು ನಾನು, ಅವಳು ಹೋದದ್ದೇ ನಿನ್ನ ಮಗಳಿಗೆ ಮನಸ್ಸು ತೊಳೆದುಕೊಂಡು ಹರಸಬೇಕೆಂದು. ಇಷ್ಟೇ ಮಾತು. ಮೂವತ್ತು ಜನ ನೋಡುತ್ತಿದ್ದರು. ಬಾ ನಾಮ್ ನನ್ನ ಉಂಡೆಗಳಿಗೆ ನಿನ್ನೆಯಷ್ಟೇ ಹೆಬ್ಬೆರಳು ಎತ್ತಿದ್ದರು. ನಾನು ಸೆರಗು ಸರಿಮಾಡಿಕೊಂಡೆ.

"ಬಿಡು ಚಿಕ್ಕಮ್ಮ. ಹಿಂಗೇ ಆಗತ್ತೆ ಅಂತ ನಂಗೆ ಗೊತ್ತಿತ್ತು" ಎಂದು ಫೋನನ್ನು ಜೇಬಿಗೆ ಇಳಿಸಿದ.

ಊದುಬತ್ತಿ ಹಚ್ಚಿದರು. ಅದು ಉರಿದು ಮುಗಿಯುವುದರೊಳಗೆ ದೇವತೆಯರು ಉಂಡು ಹೊರಡುತ್ತಾರೆ, ಬಾಯಿ ತೆರೆಸುವುದು ಅವರ ಕಣ್ಣೆದುರೇ ಆಗಬೇಕು. ಬಾ ನಾಮ್ ಹೂವಿನ ಗೊಂಚಲು ತಂದು ನನ್ನ ಕೈಗಿಟ್ಟರು. ಅವನ ತಾಯಿಯ ತಂಗಿ ನೀನು, ನೀನೇ ಹೇಳು ಎಂದು ಸನ್ನೆ. ಬೇಡ ಎಂದೆ. ಕೈ ಹಿಡಿದು ಮಗುವಿನ ಹತ್ತಿರ ಒಯ್ದರು.

ಅವರ ಮಾತನ್ನು ಪ್ರದೀಪ ಮೊದಲೇ ತಿಳಿಸಿದ್ದ. ಬಾಯಿ ತೆರೆದರೆ ಹೂವಾಗಲಿ, ಬಾಯಿ ತೆರೆದರೆ ಸಿರಿಯಾಗಲಿ, ಬಾಯಿ ತೆರೆದರೆ ನೆರೆಯವರೆಲ್ಲ ನಿನ್ನನ್ನು ಬಯಸಲಿ. ಅಷ್ಟನ್ನು ಹೇಳಿದೆ. ನಮ್ಮದೂ ಒಂದು ಇರಲಿ ಎಂದು ಹಿರಿಯರು ನಮಗೆ ಹರಸುತ್ತಿದ್ದದ್ದೇ ನಾಲಿಗೆಗೆ ಬಂತು: "ಇದ್ದದ್ದನ್ನ ಇದ್ದ ಹಾಗೆ ಹೇಳೋ ಬಾಯಿ ಆಗ್ಲಿ ಮಗಾ." ಹೂವಿನ ಎಸಳೊಂದು ಮಗುವಿನ ತುಟಿಗೆ ತಾಗಿತು. ಮಗು ಅಳು ನಿಲ್ಲಿಸಿ ಬಾಯಿ ತೆರೆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹತ್ತೂವರೆಗೆ, ಬಟ್ಟಲುಗಳು ಖಾಲಿಯಾಗುತ್ತಿದ್ದಾಗ ನನಗೆ ಫೋನ್ ಬಂತು. ಹಿತ್ತಲಿಗೆ ಓಡಿದೆ. ಭಾವ ಏದುಸಿರಿನಲ್ಲಿ "ಸಿಕ್ಕಿದಾಳೆ, ಕೊಡ್ತೀನಿ" ಎಂದರು. ಆಮೇಲೆ ಅಕ್ಕನ ಧ್ವನಿ.

"ಎಲ್ಲಿ, ಮಗು ಎಲ್ಲಿ? ನಾನು ರೆಡಿ ಇದೀನಿ ಕಣೇ."

"ಅಕ್ಕಾ... ಆಯ್ತು. ಮುಗೀತು."

"ಮುಗೀತಾ? ಅವ್ನು ಕಾಯ್ಲಿಲ್ವಾ?"

ಕಾದ ಅಕ್ಕಾ ಎನ್ನಬೇಕು. ಅನ್ನುವ ಮೊದಲೇ ಅವಳು ಇಟ್ಟುಬಿಟ್ಟಳು. ಒಳಗೆ ಹೋಗಿ ಪ್ರದೀಪನಿಗೆ "ಅಮ್ಮ ಫೋನ್ ಮಾಡಿದ್ಲು" ಎಂದೆ.

"ಈಗಲಾ?" ಎಂದು ಅವನು ಇನ್ನೊಬ್ಬರಿಗೆ ಬಟ್ಟಲು ಕೊಡಲು ಹೋದ.

ಕಾನ್ ಥೋ, ಗುರುವಾರ

ನಾನು ಕೆಂಪು ಸುತ್ತು ಹಾಕಿದ ದಿನ. ತೇಲುವ ಸಂತೆಗೆ ಕರೆದುಕೊಂಡು ಹೋದರು. ಯಾವ ದೋಣಿಯಲ್ಲಿ ಏನು ಮಾರುತ್ತಾರೋ ಅದನ್ನು ಉದ್ದನೆಯ ಬಿದಿರಿನ ತುದಿಗೆ ಕಟ್ಟಿರುತ್ತಾರೆ. ಅನಾನಸು ಕಟ್ಟಿದ ದೋಣಿ, ಕುಂಬಳ ಕಟ್ಟಿದ ದೋಣಿ. ತನ್ನಲ್ಲಿ ಏನಿದೆ ಎಂದು ಪ್ರತಿಯೊಬ್ಬನೂ ದೂರಕ್ಕೇ ಕಾಣುವಂತೆ ಎತ್ತಿ ತೋರಿಸಿಕೊಂಡು ಹೋಗುವುದನ್ನು ನೋಡುತ್ತ ಕೂತೆ. ಪ್ರದೀಪ ಪಕ್ಕದಲ್ಲೇ ಇದ್ದ. ಒಂದು ಗಂಟೆ ಸುತ್ತಿದೆವು. ಹೇಳಲಿಲ್ಲ.

ಮತ್ತೆ ಹೊಸನಗರ

ಬಂದು ಹದಿನೈದು ದಿನ ಅಕ್ಕನ ಮನೆಯ ಕಡೆ ಹೋಗಲಿಲ್ಲ. ಮೊದಲೇ ತಿಂಗಳ ಲೆಕ್ಕ ತಪ್ಪಿತ್ತು. ಒಪ್ಪಿಕೊಳ್ಳಲು ತಡ ಮಾಡಿದ ದಿನಗಳೂ ಅದಕ್ಕೆ ಸೇರಿಕೊಂಡವು. ಕೊನೆಗೆ ಹೋದೆ. ಅವಳು ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಕೂತು ಎಲ್ಲ ಹೇಳಿದೆ. ಭಾನುವಾರವೇ ಗೊತ್ತಾಗಿದ್ದು, ಹಿಟ್ಟಿನ ಕೈಯ ನೆವ, ಅವನು ಒಂದು ಗಂಟೆ ಕಾದದ್ದು, ಎಲ್ಲವನ್ನೂ.

ಅವಳ ಕೈ ನಿಲ್ಲಲಿಲ್ಲ.

"ದಿನ ನೀನು ತಪ್ಪು ಹೇಳಿದ್ದು ಅಂತ ನಿಮ್ಮ ಭಾವ ಅವತ್ತೇ ಹೇಳಿದ್ರು. ಅವ್ನು ಕಾದಿದ್ದ ಅಂತ ಯಾರೂ ಹೇಳ್ಲಿಲ್ಲ" ಎಂದಳು. ಆಮೇಲೆ, "ಇದನ್ನ ಅವ್ನಿಗೆ ಹೇಳಿದ್ಯಾ?"

"ಇಲ್ಲ."

"ಹಂಗಾದ್ರೆ ಅವ್ನು ಇವತ್ತಿಗೂ ನಾನು ಬೇಕಂತಲೇ ಹೋದೆ ಅಂದ್ಕಂಡಿದಾನೆ."

"ಹೂಂ."

"ಫೋನ್ ಮಾಡು. ನನ್ನ ಮುಂದೆ ಹೇಳು."

ಮಾಡಿದೆ. ಹೇಳಿದೆ. ಅಜ್ಜ ನನಗೆ ಅಕ್ಷರ ತಿದ್ದಿಸಿದಾಗಲೂ ನನ್ನ ಧ್ವನಿ ಅಷ್ಟು ತಡವರಿಸಿರಲಿಲ್ಲ. ಪ್ರದೀಪ ಪೂರ್ತಿ ಕೇಳಿಸಿಕೊಂಡ. ಮುಗಿದ ಮೇಲೆ "ಅಮ್ಮ ಅಲ್ಲಿದಾಳಾ?" ಎಂದ. ಅಕ್ಕ ಹುಣಸೆಯ ಕೈಯನ್ನು ಸೆರಗಿಗೆ ಒರೆಸಿ ಫೋನ್ ತೆಗೆದುಕೊಂಡಳು.

"ಊಟ ಆಯ್ತನಾ?"

"ಆಯ್ತು. ನಿಂದು?"

"ಆಯ್ತು."

ಮಗುವನ್ನು ತೋರಿಸು ಎಂದು ಅವಳು ಕೇಳಲಿಲ್ಲ, ತೋರಿಸಲಾ ಎಂದು ಅವನೂ ಅನ್ನಲಿಲ್ಲ. ಎರಡು ವರ್ಷದ ಮೇಲೆ ತಾಯಿ ಮಗ ಆಡಿದ ಮೊದಲ ಮಾತು ಇದು. ಊದುಬತ್ತಿ ಉರಿಯುವಾಗ, ಮಗು ಬಾಯಿ ತೆರೆದಾಗ, ಅಷ್ಟು ಜನ ಚಪ್ಪಾಳೆ ತಟ್ಟುವಾಗ ಆಡಬೇಕಿದ್ದದ್ದು. ಒಂದು ಮಗುವಿಗೆ ತಿಂಗಳು ತುಂಬುವುದು ಒಂದೇ ಸಲ.

"ಇಡ್ಲಾ ಹಂಗಾದ್ರೆ?" ಎಂದಳು ಅಕ್ಕ. ಇಟ್ಟಳು.

ನಾನು ಅವಳನ್ನು ಸಮಾಧಾನ ಮಾಡಲು ಹೋದೆ. ವರ್ಷ ತುಂಬಿದಾಗಲೂ ಅಲ್ಲಿ ಇಂಥದ್ದೇ ದೊಡ್ಡ ಶಾಸ್ತ್ರ ಇದೆಯಂತೆ, ಆಗ ನೀನೇ ಹೋಗಿ ಬರಬಹುದು, ತಿಥಿ ನೋಡುವುದಾದರೆ... ಎನ್ನುವಷ್ಟರಲ್ಲಿ ಅಕ್ಕ ತಲೆಯೆತ್ತಿದಳು.

"ನೀನು ಎಂತ ನೋಡೋದೂ ಬೇಡ. ಯಾವತ್ತು ಅಂತ ಅವನನ್ನೇ ಕೇಳ್ತೀನಿ."